ಬರ್ಕೊಂಡೋರು, ಬರೆಸಿದೋರು

ಭಾಗ 1

ಫೋಟೊದಲ್ಲಿರೋದು ಕುರುಗೋಡು ರಸ್ತೆ. ಬಸ್ಸಿನ ಕಿಟಕಿಯಿಂದ ತೆಗೆದಿದ್ದು, ಅದಕ್ಕೇ ಸ್ವಲ್ಪ ಅಲುಗಾಡಿದೆ. ಈ ಸರಣಿಯ ಐದೂ ಫೋಟೊಗಳಲ್ಲಿ ಯಾರ ಮುಖವೂ ಇರಲ್ಲ. ಯಾಕೆ ಅಂತ ಓದ್ತಾ ಹೋದ್ರೆ ಗೊತ್ತಾಗುತ್ತೆ.

ನಮ್ಮ ಕ್ಲಾಸಿನವರಿಗೆ ಒಂದು ರೀಲ್ ನೆನಪಿರಬೇಕು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಜೋಗಮ್ಮ ಚೌಡಿಕೆ ಬಾರಿಸ್ತಾ ಹಾಡ್ತಿದ್ರು. ಅವರ ಹಾಡು ತೆಗೆದು ಮೇಲೆ ಕಾಮಿಡಿ ಆಡಿಯೊ ಹಾಕಿದ್ದು. ಗ್ರೂಪಲ್ಲಿ ಎಲ್ಲರೂ ನಕ್ಕಿದ್ವಿ. ಶೂಟ್ ಮಾಡಿದವನು ಯಾರು ಅಂತ ನಿಮಗೆ ಗೊತ್ತು. ಆದರೆ ಪಾರ್ವತಿನಗರದ ನಮ್ಮ ಮನೆ ಮಹಡಿ ಮೇಲೆ ಕೂತು ಅದನ್ನ ಎಡಿಟ್ ಮಾಡಿಕೊಟ್ಟವಳು ನಾನು. ಇದನ್ನ ಇಲ್ಲೀವರೆಗೂ ಹೇಳಿರಲಿಲ್ಲ.

ಅದೇ ವಾರ ನಮಗೆ ಪ್ರಾಜೆಕ್ಟ್ ಬಂತು: ಕಲೆ ಬಳಸಿ ಸಂಶೋಧನೆ ಮಾಡೋದು ಹೇಗೆ, ಅದರಿಂದ ಒಂದು ಸಮುದಾಯದಲ್ಲಿ ಏನಾದ್ರೂ ಬದಲಾಗುತ್ತಾ? ನಾನು ಆರಿಸಿಕೊಂಡಿದ್ದು ಕುರುಗೋಡು ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಅವರ ಕಥೆ. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತಗೊಳ್ಳೋಕೆ ಹೋದಾಗ, ಸೀರೆ ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದರಿಗೇ ದೃಷ್ಟಿ ತೆಗೆದರಲ್ಲ, ಅವರೇ. ಆ ವಿಡಿಯೊಗೆ ನಾನು ಹಾರ್ಟ್ ಒತ್ತಿದ್ದೆ. ಬಸ್ ಸ್ಟ್ಯಾಂಡಿನ ರೀಲ್‌ನ ಎಡಿಟ್ ಮಾಡಿದ್ದೂ ನಾನೇ. ಎರಡೂ ಒಂದೇ ಫೋನು.

ಮಂಜಮ್ಮನವರ ಹತ್ರ ಬರೋಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಯಾಕಂದ್ರೆ ನಮ್ಮ ಜಿಲ್ಲೆಯ ಇಂಥ ಜನರ ಬಗ್ಗೆ ‘ಸಂಶೋಧನೆ’ ಶುರುವಾಗಿ ನೂರು ವರ್ಷದ ಮೇಲಾಯ್ತು.

ಭಾಗ 2

ಬಳ್ಳಾರಿ 1953ರ ಅಕ್ಟೋಬರ್ 1ರವರೆಗೂ ಮದ್ರಾಸಿಗೆ ಸೇರಿತ್ತು ಅನ್ನೋದು ಗೊತ್ತಲ್ಲ. ಆ ಮದ್ರಾಸ್ ಪ್ರಾಂತ್ಯದ ಒಬ್ಬ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್. 1891ರಲ್ಲಿ ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಆತ ಬಸವಿಯರ ಬಗ್ಗೆ ಒಂದು ಲೇಖನ ಬರೆದ. ನಮ್ಮ ಬಳ್ಳಾರಿ ಕಡೆಯ ಬಸವಿಯರು. ದೇವರಿಗೆ ಬಿಟ್ಟ ಹೆಣ್ಣುಮಕ್ಕಳು, ಎಲ್ಲರಂಗೆ ಮದುವೆ ಇಲ್ಲ, ಆದರೆ ಗಂಡುಮಗನ ಹಾಗೆ ತಂದೆಯ ಆಸ್ತಿಯಲ್ಲಿ ಹಕ್ಕು, ತಂದೆ ತೀರಿದ್ರೆ ಕ್ರಿಯೆ ಮಾಡೋ ಹಕ್ಕು. ಒಂದು ಕಡೆ ಶೋಷಣೆ, ಇನ್ನೊಂದು ಕಡೆ ಬೇರೆ ಹೆಣ್ಣುಮಕ್ಕಳಿಗೆ ಇಲ್ಲದ ಹಕ್ಕು. ಫಾಸೆಟ್‌ಗೆ ಕುತೂಹಲ ಹುಟ್ಟಿದ್ದೂ ಅಲ್ಲೇ.

ಆಮೇಲೆ 1909ರಲ್ಲಿ ಎಡ್ಗರ್ ಥರ್ಸ್ಟನ್ನನ ಏಳು ಸಂಪುಟ ಬಂತು, ದಕ್ಷಿಣ ಭಾರತದ ಜಾತಿಗಳು ಮತ್ತು ಬುಡಕಟ್ಟುಗಳ ಬಗ್ಗೆ. ಕೆ. ರಂಗಾಚಾರಿ ಜೊತೆಗಿದ್ರು. ಥರ್ಸ್ಟನ್ ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥ. ಜನರನ್ನ ನಿಲ್ಲಿಸಿ ತಲೆ, ಮೂಗು ಅಳೆಯೋದು ಅವನ ವಿಧಾನ. ಇವತ್ತಿಗೂ ಯಾವುದೇ ಜಾತಿಯ ಬಗ್ಗೆ ಪಿಎಚ್‌ಡಿ ಮಾಡೋರು ಆ ಸಂಪುಟಗಳನ್ನ ತೆಗೀತಾರೆ, ಬೇರೆ ದಾರಿಯಿಲ್ಲ. ಅವರು ಬರೀದಿದ್ರೆ ಎಷ್ಟೋ ವಿವರ ನಮಗೆ ಸಿಗ್ತಾನೇ ಇರಲಿಲ್ಲ, ಅದನ್ನ ಒಪ್ಪಬೇಕು. ಆದರೆ ಅದು ಸರ್ಕಾರಕ್ಕೆ, ಪಂಡಿತರಿಗೆ ಅಂತ ಇಂಗ್ಲಿಷಲ್ಲಿ ಬರೆದಿದ್ದು. ಯಾರ ಬಗ್ಗೆ ಬರೆದ್ರೋ ಅವರ ಕೈಗೆ ಅದು ಹೋಗುತ್ತೆ ಅನ್ನೋ ಯೋಚನೆ ಯಾರಿಗೂ ಇರಲಿಲ್ಲ. ಬಳ್ಳಾರಿಯ ಒಬ್ಬ ಬಸವಿ ಆ ಪುಟ ಓದಿ ‘ಇದು ತಪ್ಪು, ಹಿಂಗಲ್ಲ’ ಅನ್ನೋ ಹಾಗಿರಲಿಲ್ಲ.

ಭಾಗ 3

ದರೋಜಿ ಅಂದ ತಕ್ಷಣ ನಮಗೆಲ್ಲ ಕರಡಿಧಾಮ ನೆನಪಾಗುತ್ತೆ. ಅದೇ ಸಂಡೂರು ತಾಲ್ಲೂಕಿನ ದರೋಜಿಯವರು ಬುರ್ರಕಥಾ ಈರಮ್ಮ. ಬುಡಗ ಜಂಗಮ ಅಲೆಮಾರಿ ಸಮುದಾಯ. ಅಕ್ಷರ ಬರ್ತಿರಲಿಲ್ಲ, ಕುಮಾರರಾಮ, ಬಾಲನಾಗಮ್ಮನಂಥ ದೊಡ್ಡ ದೊಡ್ಡ ಕಾವ್ಯಗಳು ಪೂರ್ತಿ ಬಾಯಲ್ಲೇ ಇದ್ವು. ಗಂಟೆಗಟ್ಲೆ ಅಲ್ಲ, ರಾತ್ರಿಗಟ್ಲೆ ಹಾಡ್ತಿದ್ರು.

1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆಯ್ತು. ಈರಮ್ಮ ಹಾಡಿದ್ದನ್ನ ಸಂಶೋಧಕರು ಟೇಪ್ ಮಾಡಿ, ಕೂತು ಅಕ್ಷರಕ್ಕಿಳಿಸಿ, ಪುಸ್ತಕ ಮಾಡಿದ್ರು. ಆ ಕೆಲಸ ಎಷ್ಟು ಕಷ್ಟ ಅಂತ ತಿಳಿಬೇಕಾದ್ರೆ ನಿಮ್ಮ ಅಜ್ಜಿಯ ಒಂದು ವಾಯ್ಸ್ ಮೆಸೇಜನ್ನ ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿ ನೋಡಿ. ವಿಶ್ವವಿದ್ಯಾಲಯ ಈರಮ್ಮನವರಿಗೆ ನಾಡೋಜ ಕೊಟ್ಟಿತು. 2014ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಪದ ಹೇಳಬೇಕು: ವಕ್ತೃ. ಜಾನಪದ ಸಂಶೋಧನೆಯಲ್ಲಿ ಹಾಡಿದವರನ್ನ, ಕಥೆ ಹೇಳಿದವರನ್ನ ಹಾಗೆ ಕರೀತಾರೆ. ಮುಖಪುಟದಲ್ಲಿ ಸಂಗ್ರಹಿಸಿದವರ ಹೆಸರು, ವಕ್ತೃವಿನ ಹೆಸರು ಎಷ್ಟೋ ಸಲ ಕೊನೆಯ ಪುಟದಲ್ಲಿ, ಊರು ಮತ್ತು ವಯಸ್ಸಿನ ಜೊತೆ. ಈರಮ್ಮನವರ ವಿಷಯದಲ್ಲಿ ವಕ್ತೃವೇ ಮುಂದೆ ಬಂದರು, ಹೆಸರೂ ಅವರದೇ ನಿಂತಿತು. ಇದು ಸಣ್ಣ ವಿಷಯ ಅಲ್ಲ. ಆದರೂ ಪುಸ್ತಕದಲ್ಲಿ ಉಳಿದಿದ್ದು ಅವರು ಹಾಡಿದ ರಾಜರ, ವೀರರ ಕಥೆ. ಅಲೆಮಾರಿ ಹೆಂಗಸಾಗಿ ಅವರು ಬದುಕಿದ ಕಥೆಗೆ ಅಷ್ಟು ಪುಟ ಸಿಗಲಿಲ್ಲ ಅಂತ ನನಗನ್ಸುತ್ತೆ.

ಭಾಗ 4

ಈಗ ಮಂಜಮ್ಮ.

ಹುಡುಗನಾಗಿ ಬೆಳೆಸಿದರು, ಒಳಗಿದ್ದದ್ದು ಹೆಣ್ಣು. ಮನೆಯವರು ಹುಲಿಗಿಗೆ ಕರ್ಕೊಂಡು ಹೋಗಿ ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗಪ್ಪನಾಗಿ ಬಿಟ್ಟರು. ಅಲ್ಲಿಂದ ಮನೆ ದೂರ ಆಯ್ತು. ವಿಷ ಕುಡಿದಿದ್ದು, ಬದುಕಿ ಉಳಿದಿದ್ದು, ಭಿಕ್ಷೆ, ಮೈಮೇಲೆ ಆದ ಹಲ್ಲೆ, ಎಲ್ಲವನ್ನೂ ಅವರೇ ಹೇಳಿದ್ದಾರೆ. ನಾನು ಇಲ್ಲಿ ಬಿಡಿಸಿ ಬರೆಯಲ್ಲ.

ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನ ಅಪ್ಪ ಹಾಡ್ತಿದ್ದ, ಮಗ ತಲೆ ಮೇಲೆ ಕೊಡ ಹೊತ್ತು ಕುಣೀತಿದ್ದ. ಮಂಜಮ್ಮ ಜೋಗತಿ ನೃತ್ಯ ಕಲಿಯೋಕೆ ಶುರು ಮಾಡಿದ್ದು ಅವರಿಂದ. (ಬಸ್ ಸ್ಟ್ಯಾಂಡ್ ಅನ್ನೋ ಜಾಗವನ್ನ ನೆನಪಿಟ್ಕೊಳ್ಳಿ.) ಆಮೇಲೆ ಕಾಳವ್ವ ಜೋಗತಿಯ ಮೇಳ ಸೇರಿದ್ರು, ಕಾಳವ್ವನ ನಂತರ ಮೇಳವನ್ನ ತಾವೇ ನಡೆಸಿದ್ರು. ನೆಲೆ ನಿಂತಿದ್ದು ನಾಟಕದ ಊರು ಅಂತಾನೇ ಹೆಸರಾದ ಮರಿಯಮ್ಮನಹಳ್ಳಿಯಲ್ಲಿ, ಈಗ ಅದು ವಿಜಯನಗರ ಜಿಲ್ಲೆ.

ಅವರ ಮೇಳ ಮಾಡಿದ್ದೇನು? ಹರಕೆಗೆ, ಭಿಕ್ಷೆಗೆ ಕುಣಿಯೋ ಕುಣಿತವನ್ನ ವೇದಿಕೆಗೆ ತಂದಿದ್ದು. ಎಲ್ಲಮ್ಮನ ಕಥೆಯನ್ನ ಜನ ಟೆಂಟಿನಲ್ಲಿ, ಸಭಾಂಗಣದಲ್ಲಿ ಕೂತು ನೋಡಿದ್ರು. ಮನೆ ಬಾಗಿಲಿಗೆ ಬಂದ್ರೆ ಚಿಲ್ಲರೆ ಕೊಟ್ಟು ಕಳಿಸ್ತಿದ್ದವರು ಇಲ್ಲಿ ಎರಡು ಗಂಟೆ ಕೂತು ನೋಡಬೇಕಾಯ್ತು. ನನ್ನ ಪ್ರಕಾರ ಬದಲಾವಣೆ ಶುರುವಾಗಿದ್ದು ಅಲ್ಲಿ. ಪ್ರಶಸ್ತಿ ಆಮೇಲೆ ಬಂತು: 2006ರಲ್ಲಿ ಜಾನಪದ ಅಕಾಡೆಮಿಯದು, 2010ರಲ್ಲಿ ರಾಜ್ಯೋತ್ಸವದ್ದು. 2019ರಲ್ಲಿ ಅದೇ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷೆ ಆದ್ರು. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ. ಸಂಶೋಧಕರು ಟೇಪ್ ಹಿಡ್ಕೊಂಡು ಬಂದ್ರೆ ವಕ್ತೃ ಆಗಬೇಕಿದ್ದವರು, ಯಾವ ಕಲಾವಿದರಿಗೆ ಗೌರವ ಸಲ್ಲಬೇಕು ಅಂತ ನಿರ್ಧರಿಸೋ ಜಾಗದಲ್ಲಿ ಕೂತರು.

ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’. ನಿರೂಪಿಸಿದವರು ಜಾನಪದ ಸಂಶೋಧಕ ಅರುಣ್ ಜೋಳದಕೂಡ್ಲಿಗಿ. ಗಮನಿಸಿ, ಇಲ್ಲಿ ಸಂಶೋಧಕ ಹಾಡು ಸಂಗ್ರಹಿಸಲಿಲ್ಲ, ಅಳತೆ ತಗೊಳ್ಳಲಿಲ್ಲ. ಮಂಜಮ್ಮ ಹೇಳ್ತಾರೆ, ಅವರು ಕೇಳಿ ಬರೀತಾರೆ, ಪುಸ್ತಕದಲ್ಲಿ ‘ನಾನು’ ಅಂದ್ರೆ ಮಂಜಮ್ಮ. ಪ್ರಾಜೆಕ್ಟಿನಲ್ಲಿ ಇದನ್ನೇ ‘ವಿಧಾನ’ ಅಂತ ಬರೆದೆ, ಮಾರ್ಕ್ಸ್ ಸಾಧಾರಣ ಬಂತು, ಇರಲಿ.

ಭಾಗ 5

ಎಲ್ಲ ಒಳ್ಳೇದಾಯ್ತು ಅಂತ ಮುಗಿಸೋ ಆಸೆ ಇತ್ತು. ಆಗಲ್ಲ. ಮಂಜಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದ ಮರುವರ್ಷ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನೋ ಕಲಂ ಸೇರಿತು. ಲಿಂಗತ್ವ ಅಲ್ಪಸಂಖ್ಯಾತರನ್ನ ಅವಮಾನದ ಪದದಿಂದ ಕರೆದು, ಅವರ ಹೆಸರು, ವಿಳಾಸದ ರಿಜಿಸ್ಟರ್ ಇಡಬಹುದು ಅಂತ ಪೊಲೀಸರಿಗೆ ಹೇಳೋ ಕಲಂ. 1871ರ ಬ್ರಿಟಿಷ್ ಕಾಯ್ದೆಯಲ್ಲೂ ಇಂಥದ್ದೇ ರಿಜಿಸ್ಟರ್ ಇತ್ತು. ಒಂದೇ ಸರ್ಕಾರದ ಒಂದು ಕೈ ಶಾಲು ಹೊದಿಸ್ತಿತ್ತು, ಇನ್ನೊಂದು ಕೈ ಪಟ್ಟಿ ಬರೀತಿತ್ತು. ಹೋರಾಟಗಾರರು ಹೈಕೋರ್ಟಿಗೆ ಹೋದಮೇಲೆ ಆ ಪದವನ್ನ ತೆಗೆಯಲಾಯ್ತು. ಈ ನಡುವೆ 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಮ್ಮ ಲಿಂಗವನ್ನ ತಾವೇ ಹೇಳಿಕೊಳ್ಳೋ ಹಕ್ಕನ್ನ ಒಪ್ಪಿತ್ತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ಕೊಟ್ಟಿತು. ಇದೆಲ್ಲ ಕುಣಿತದಿಂದ ಆಯ್ತು ಅಂತ ನಾನು ಹೇಳಲ್ಲ. ಬೀದಿಯಲ್ಲಿ, ಕೋರ್ಟಲ್ಲಿ ಹೋರಾಡಿದವರು ಬೇರೆ ಇದ್ದಾರೆ.

ಅವರಲ್ಲಿ ಒಬ್ಬರನ್ನ ಬಿಡೋ ಹಾಗಿಲ್ಲ. ಬೆಂಗಳೂರಲ್ಲಿ ಕೆಲಸ ಮಾಡಿದ ಎ. ರೇವತಿ. ತಮ್ಮದೇ ಸಮುದಾಯದವರ ಬದುಕಿನ ಕಥೆಗಳನ್ನ ತಾವೇ ಕೇಳಿ, 2004ರಲ್ಲಿ ತಮಿಳಿನಲ್ಲಿ ಪುಸ್ತಕ ಮಾಡಿದ್ರು. ಆಮೇಲೆ ತಮ್ಮ ಬದುಕನ್ನೇ ಬರೆದರು. ಅದನ್ನ ದು. ಸರಸ್ವತಿ ‘ಬದುಕು ಬಯಲು’ ಅಂತ ಕನ್ನಡಕ್ಕೆ ತಂದರು, ಹೆಗ್ಗೋಡಿನ ಜನಮನದಾಟ ತಂಡ ಅದನ್ನ ನಾಟಕ ಮಾಡಿತು. ಕೇಳಿದವರು, ಹೇಳಿದವರು ಇಬ್ಬರೂ ಒಂದೇ ಸಮುದಾಯ. ಫಾಸೆಟ್‌ನಿಂದ ಇಲ್ಲಿಗೆ ಬರೋಕೆ ನೂರಾ ಹದಿಮೂರು ವರ್ಷ ಹಿಡೀತು.

ಕೊನೆಗೆ ನಮ್ಮ ರೀಲ್ ವಿಷಯ. ಡಿಲೀಟ್ ಮಾಡಿದ್ವಿ. ಅಷ್ಟಕ್ಕೇ ಸಮಾಧಾನ ಆಗಲಿಲ್ಲ, ಇಬ್ಬರೂ ಬಸ್ ಸ್ಟ್ಯಾಂಡಿಗೆ ಹೋದ್ವಿ. ಮೂರನೇ ಸಲ ಹೋದಾಗ ಆ ಅಮ್ಮ ಸಿಕ್ಕಿದ್ರು. ‘ಅಮ್ಮ, ನಿಮ್ಮನ್ನ ಕೇಳದೆ ವಿಡಿಯೊ ತೆಗೆದಿದ್ವಿ, ತಪ್ಪಾಯ್ತು’ ಅಂದೆ. ಬೈತಾರೆ ಅಂದ್ಕೊಂಡಿದ್ದೆ. ಚೌಡಿಕೆ ಬದಿಗಿಟ್ಟು, ‘ಅದ್ರಾಗ ನನ್ನ ಹಾಡು ಕೇಳ್ತೈತೇನವ್ವ? ಎಲ್ಲಿ ಹಚ್ಚು, ನೋಡಾಣ’ ಅಂದ್ರು.

ನಮ್ಮ ಹತ್ರ ಒರಿಜಿನಲ್ ಆಡಿಯೊ ಇರಲಿಲ್ಲ. ಎಡಿಟ್ ಮಾಡುವಾಗ ಅಳಿಸಿಬಿಟ್ಟಿದ್ದೆ.

ಮಂಗಳವಾರ, ಶುಕ್ರವಾರ ಬರ್ತೀನಿ ಅಂದಿದ್ದಾರೆ. ಈ ಶುಕ್ರವಾರ ಹೋಗ್ತಿದೀವಿ. ಫೋನ್ ಬ್ಯಾಗಲ್ಲೇ ಇರುತ್ತೆ, ಅವರೇ ತೆಗಿ ಅನ್ನೋವರೆಗೂ.