ಕುರುಬನ ಕೋಲು, ಮಾಸ್ತರರ ಬೆತ್ತ

ಸುಗ್ಗಿ ಮುಗಿದು ಎರೆಯ ಹೊಲಗಳು ಬರಿದಾದಾಗ ಅಣ್ಣಿಗೇರಿಯ ಸುತ್ತಿನ ಬಯಲಿನಲ್ಲಿ ಕುರಿಹಿಂಡುಗಳು ಬೀಡುಬಿಡುವುದು ಬೆಳವಲ ನಾಡಿನವರಿಗೆಲ್ಲ ಪರಿಚಿತವಾದ ನೋಟ. ಹಿಂಡಿನ ಹಿಂದೆ ನಡೆಯುವ ಕುರುಬನ ಕೈಯಲ್ಲಿ ಉದ್ದನೆಯ ಕೋಲೊಂದು ಇದ್ದೇ ಇರುತ್ತದೆ. ಆ ಕೋಲು ದಾರಿ ತಪ್ಪಿದ ಮರಿಯನ್ನು ಸಾಲಿಗೆ ತರುತ್ತದೆ, ಮೇವಿಗೆಂದು ಟೊಂಗೆಯನ್ನು ಬಗ್ಗಿಸುತ್ತದೆ, ತೋಳ ಬಂದರೆ ಅದನ್ನು ಅಟ್ಟುತ್ತದೆ. ಕುರಿಯನ್ನೇ ಹೊಡೆದು ಹಣ್ಣು ಮಾಡುವ ಕುರುಬನನ್ನು ಯಾರೂ ಜಾಣನೆನ್ನರು. ಮಕ್ಕಳನ್ನು ತಿದ್ದುವ ಕೋಲಿನ ಇತಿಹಾಸವೂ ಇದಕ್ಕೆ ಹತ್ತಿರವಾದುದೇ. ಕೋಲು ದಾರಿ ತೋರಿಸುವುದಕ್ಕೋ ನೋಯಿಸುವುದಕ್ಕೋ ಎಂಬ ಪ್ರಶ್ನೆಯನ್ನು ನಮ್ಮ ಐಗಳೂ, ಕ್ರೈಸ್ತ ಪಾದ್ರಿಗಳೂ, ತಾಯಿತಂದೆಗಳೂ ತಮ್ಮ ತಮ್ಮ ಕಾಲದಲ್ಲಿ ಎದುರಿಸಬೇಕಾಯಿತು.

ಅಣ್ಣಿಗೇರಿಯಿಂದ ಮೂಡಲಕ್ಕೆ ಹೊರಟ ರೈಲು ಗದಗ, ಕೊಪ್ಪಳಗಳನ್ನು ದಾಟಿ ಬಳ್ಳಾರಿಯನ್ನು ಸೇರುತ್ತದೆ. ಇನ್ನೂರು ವರುಷಗಳ ಹಿಂದೆ ಆ ಬಳ್ಳಾರಿಯಲ್ಲಿ ಎ. ಡಿ. ಕ್ಯಾಂಪ್‌ಬೆಲ್ ಎಂಬ ಕಲೆಕ್ಟರನಿದ್ದ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ಸಂಸ್ಥಾನದ ಊರೂರ ಶಾಲೆಗಳ ಸ್ಥಿತಿಯನ್ನು ತಿಳಿಯಲು 1822ರಲ್ಲಿ ಆಜ್ಞೆ ಮಾಡಿದ. ಅದಕ್ಕೆ ಉತ್ತರವಾಗಿ ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ತನ್ನ ವರದಿಯನ್ನು ಕಳುಹಿಸಿದ. ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಓದುತ್ತಿದ್ದ ಮಕ್ಕಳು 6,641. ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಕ್ಕಳಾದಂತಾಯಿತು.

ಆ ಶಾಲೆಗಳ ಬೆಳಗು ಹೇಗೆ ಆರಂಭವಾಗುತ್ತಿತ್ತೆಂಬುದನ್ನು ವರದಿ ಸ್ವಾರಸ್ಯವಾಗಿ ಹೇಳುತ್ತದೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಮನ್ನಣೆಯ ಗುರುತಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಯಲ್ಲಿ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಹೆಚ್ಚು. ಸೋಮಾರಿಗೆ ಬೆತ್ತದ ಏಟಲ್ಲದೆ ಇನ್ನೂ ಘೋರವಾದ ಶಿಕ್ಷೆಯೊಂದಿತ್ತು. ಎರಡೂ ಕೈಗಳನ್ನು ಕಟ್ಟಿ ಅವನನ್ನು ಮಾಡಿನ ತೊಲೆಗೆ ತೂಗುಹಾಕುತ್ತಿದ್ದರು. ನಮ್ಮ ಹಿರಿಯರು ಕೋದಂಡವೆಂದು ಕರೆದದ್ದು ಇದನ್ನೇ. ಎಡೆಬಿಡದೆ ಕುಳಿತು ಏಳುವ ಬಸ್ಕಿಯ ಶಿಕ್ಷೆಯೂ ಇತ್ತು.

ಆದರೆ ಅದೇ ಕ್ಯಾಂಪ್‌ಬೆಲ್ ಈ ಶಾಲೆಗಳ ಎರಡು ರೂಢಿಗಳನ್ನು ಮನಸಾರೆ ಮೆಚ್ಚಿಕೊಂಡಿದ್ದಾನೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಹೆಚ್ಚು ಕಲಿತ ಹುಡುಗ ಕಡಿಮೆ ಕಲಿತವನಿಗೆ ಹೇಳಿಕೊಡುತ್ತಿದ್ದ. ಈ ಕ್ರಮವನ್ನು ಇಂಗ್ಲೆಂಡ್ ಅನುಕರಿಸಿದ್ದು ಯೋಗ್ಯವೇ ಆಯಿತೆಂದು ಅವನು ಬರೆದ. ಆ ಅನುಕರಣಕ್ಕೆ ಕಾರಣನಾದವನು ಆಂಡ್ರೂ ಬೆಲ್ ಎಂಬ ಪಾದ್ರಿ. ಅವನು 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡ. ಊರ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲಿಯೂ ಹಾಗೆ ಮಾಡಬೇಕೆಂದ. ಉಪಾಧ್ಯಾಯರು ಒಪ್ಪಲಿಲ್ಲ. ಬೆಲ್ ಎಂಟು ವರುಷದ ಹುಡುಗನೊಬ್ಬನನ್ನು ಕರೆದು ಚಿಕ್ಕವರ ತರಗತಿಯನ್ನು ಅವನಿಗೇ ಒಪ್ಪಿಸಿದ. ಪಾಠ ಸಲೀಸಾಗಿ ಸಾಗಿತು. ಬೆಲ್ ಊರಿಗೆ ಮರಳಿ 1797ರಲ್ಲಿ ಈ ಪ್ರಯೋಗವನ್ನು ಅಚ್ಚುಮಾಡಿಸಿದ. ಅದಕ್ಕೆ ಮದರಾಸು ಪದ್ಧತಿ ಎಂದೇ ಹೆಸರಾಯಿತು. ಬೆತ್ತದ ಬಗೆಗೆ ಅವನಿಗೆ ಒಲವಿರಲಿಲ್ಲ. ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ವಾರಕ್ಕೊಮ್ಮೆ ಹುಡುಗರ ಪಂಚಾಯಿತಿಯ ಮುಂದೆಯೇ ವಿಚಾರಣೆ ನಡೆಸುವ ಏರ್ಪಾಡನ್ನು ಅವನು ಮಾಡಿದ್ದ. ನಮ್ಮ ಶಾಲೆಯ ಮರಳೂ ಗೆಳೆತನದ ಪಾಠವೂ ಹೀಗೆ ಸಮುದ್ರ ದಾಟಿ ಹೋದವು. ಬೆತ್ತ ಮಾತ್ರ ನಮ್ಮಲ್ಲಿಯೇ ಉಳಿಯಿತು.

ಬೆತ್ತ ಬಿಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲವೆಂಬುದಕ್ಕೆ ಅದೇ ಕಾಲದ ಇನ್ನೊಂದು ನಿದರ್ಶನವಿದೆ. ಕ್ವೇಕರ್ ಎಂಬ ಶಾಂತಿಪ್ರಿಯ ಕ್ರೈಸ್ತ ಪಂಥಕ್ಕೆ ಸೇರಿದ ಜೋಸೆಫ್ ಲ್ಯಾಂಕಾಸ್ಟರ್ 1798ರಲ್ಲಿ ಲಂಡನ್ನಿನಲ್ಲಿ ಬಡಮಕ್ಕಳಿಗಾಗಿ ಶಾಲೆಯನ್ನು ತೆರೆದ. ಮಕ್ಕಳನ್ನು ಹೊಡೆಯುವುದು ಅವನ ಧರ್ಮಕ್ಕೆ ಒಗ್ಗದ ಮಾತು. ಆದರೆ ತಪ್ಪಿತಸ್ಥನ ಕೊರಳಿಗೆ ಮರದ ಕೊರಡನ್ನು ಕಟ್ಟುವುದೂ, ಬುಟ್ಟಿಯಲ್ಲಿ ಕೂಡಿಸಿ ಮಾಡಿಗೆ ತೂಗುಹಾಕಿ ಉಳಿದವರು ನಗುವಂತೆ ಮಾಡುವುದೂ ಅವನ ಶಿಕ್ಷೆಗಳಾಗಿದ್ದವು. ಬಳ್ಳಾರಿಯ ತೊಲೆಗೆ ತೂಗಿದ ಹುಡುಗನ ತೋಳು ನೋಯುತ್ತಿತ್ತು. ಲಂಡನ್ನಿನ ಬುಟ್ಟಿಯಲ್ಲಿ ತೂಗಿದ ಹುಡುಗನ ಮನಸ್ಸು ನೋಯುತ್ತಿತ್ತು. ಇವೆರಡರ ನಡುವೆ ಯಾವುದು ಮೇಲೆಂದು ಆ ಹುಡುಗರನ್ನೇ ಕೇಳಬೇಕು.

ಹಾಗಾದರೆ ಕ್ರೈಸ್ತ ಗ್ರಂಥವೇ ಈ ವಿಷಯದಲ್ಲಿ ಏನು ಹೇಳುತ್ತದೆ? ಬೆತ್ತವನ್ನು ಮೆಚ್ಚುವವರು ಜ್ಞಾನೋಕ್ತಿಗಳೆಂಬ ಭಾಗವನ್ನು ಎತ್ತಿ ತೋರಿಸುವುದುಂಟು. ಮಗನನ್ನು ಕೋಲಿನಿಂದ ತಿದ್ದುವ ಮಾತು ಅಲ್ಲಿದೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅಲ್ಲಿ ಕೋಲಿಗೆ ಬಳಸಿದ ಹೀಬ್ರೂ ಶಬ್ದ ಶೇಬೆಟ್. ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ದೇವರನ್ನು ಕುರುಬನಾಗಿ ಕಂಡ ಭಕ್ತನಿಗೆ ಧೈರ್ಯ ಕೊಡುವ ಕೋಲಿಗೂ ಅದೇ ಶಬ್ದ. ಹೊಸ ಒಡಂಬಡಿಕೆಯಲ್ಲಂತೂ ಯೇಸು ಮಕ್ಕಳನ್ನು ತಡೆದ ಶಿಷ್ಯರ ಮೇಲೆಯೇ ಸಿಟ್ಟಾಗಿ, ಮಕ್ಕಳನ್ನು ಅಪ್ಪಿಕೊಳ್ಳುತ್ತಾನೆ. ರೋಮನ್ ಕಾನೂನಿನಲ್ಲಿ ಮಕ್ಕಳ ಮೇಲೆ ತಂದೆಗಿದ್ದ ಅಧಿಕಾರಕ್ಕೆ ಮಿತಿಯೇ ಇಲ್ಲದಂತಿದ್ದ ಕಾಲದಲ್ಲಿ, ಎಫೆಸ ಮತ್ತು ಕೊಲೊಸ್ಸೆ ಊರುಗಳ ಸಭೆಗಳಿಗೆ ಪೌಲನ ಹೆಸರಿನಲ್ಲಿ ಹೋದ ಪತ್ರಗಳು ಮಕ್ಕಳನ್ನು ಕೆಣಕಬೇಡಿರೆಂದು ತಂದೆಗಳಿಗೇ ಬುದ್ಧಿ ಹೇಳಿದವು. ಕೆಣಕಿದರೆ ಅವರ ಮನಸ್ಸು ಕುಂದುತ್ತದೆಯೆಂಬುದೇ ಅಲ್ಲಿ ಕೊಟ್ಟ ಕಾರಣ.

ಈ ಗ್ರಂಥವನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ತೊಡಗಿದ್ದೂ, 1810ರಿಂದ ನೆಲೆಸಿದ್ದೂ ಅದೇ ಬಳ್ಳಾರಿಯಲ್ಲಿ. ನಮ್ಮ ಭಾಗಕ್ಕೆ ಬಂದದ್ದು ಬಾಸೆಲ್ ಮಿಶನ್. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಅದರ ಠಾಣ್ಯಗಳಾದವು. ಹುಬ್ಬಳ್ಳಿಗೂ ಬೆಟಗೇರಿಗೂ ನಡುವಿನ ದಾರಿಯಲ್ಲಿಯೇ ಅಣ್ಣಿಗೇರಿ ಇದೆ. 1815ರಲ್ಲಿ ಈ ಮಿಶನ್ನಿನ ಸ್ಥಾಪನೆಗೆ ದುಡಿದ ಸ್ಪಿಟ್ಲರ್ ಎಂಬವನೇ ಬಾಸೆಲ್ಲಿನ ಹತ್ತಿರದ ಬ್ಯೂಗೆನ್ ಎಂಬಲ್ಲಿ ಬಡಮಕ್ಕಳ ಶಾಲೆಯೊಂದಕ್ಕೂ ಕಾರಣನಾದ. 1820ರಲ್ಲಿ ಅದರ ಮುಖ್ಯಸ್ಥನಾದವನು ಟ್ಸೆಲ್ಲರ್. ಮಕ್ಕಳ ಪ್ರೀತಿಯೇ ಶಿಕ್ಷಣದ ಬೇರೆಂದು ಸಾರಿದ ಪೆಸ್ಟಲೋತ್ಸಿ ತನ್ನ ಎಂಬತ್ತನೆಯ ವಯಸ್ಸಿನಲ್ಲಿ, 1826ರಲ್ಲಿ, ಆ ಶಾಲೆಯನ್ನು ಕಂಡು ತಾನು ಬಯಸಿದ್ದು ಇದನ್ನೇ ಎಂದು ಸಂತೋಷಪಟ್ಟ. ಹಾಗೆಂದು ಮಿಶನ್ ಶಾಲೆಗಳಲ್ಲಿ ಬೆತ್ತವೇ ಇರಲಿಲ್ಲವೆಂದು ತಿಳಿಯಬಾರದು. ಸ್ಟಾನ್ಸ್ ಊರಿನಲ್ಲಿ 1799ರಲ್ಲಿ ಯುದ್ಧದ ಅನಾಥ ಮಕ್ಕಳನ್ನು ಸಾಕಿದಾಗ ತಾನೂ ಒಮ್ಮೊಮ್ಮೆ ಕೈಮಾಡಿದ್ದುಂಟೆಂದು ಪೆಸ್ಟಲೋತ್ಸಿಯೇ ಬರೆದಿದ್ದಾನೆ. ಒಳ್ಳೆಯ ತತ್ತ್ವ ಬಾಯಿಗೆ ಬೇಗ ಬರುತ್ತದೆ, ಕೈಗೆ ಬರಲು ತಡವಾಗುತ್ತದೆ.

ನಮ್ಮ ದೇಶದಲ್ಲಿ ಅದು ಕಾನೂನಿನ ರೂಪ ತಾಳಿದ್ದು 2009ರ ಶಿಕ್ಷಣದ ಹಕ್ಕಿನ ಕಾಯಿದೆಯಲ್ಲಿ. ಅದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಒಟ್ಟಿಗೆ ನಿಷೇಧಿಸಿತು. ಬಳ್ಳಾರಿಯ ತೊಲೆಗೂ ಲಂಡನ್ನಿನ ಬುಟ್ಟಿಗೂ ಒಂದೇ ಕಲಮು ಉತ್ತರ ಹೇಳಿದಂತಾಯಿತು. ಮನೆಯೊಳಗೂ ಮಕ್ಕಳನ್ನು ಹೊಡೆಯಬಾರದೆಂದು ಸ್ವೀಡನ್ ದೇಶ 1979ರಲ್ಲಿ ಎಲ್ಲರಿಗಿಂತ ಮೊದಲು ಕಾನೂನು ಮಾಡಿತು. ನಮ್ಮಲ್ಲಿ ಆ ಕಲಮು ಶಾಲೆಯ ಹೊಸ್ತಿಲಿನಲ್ಲಿಯೇ ನಿಲ್ಲುತ್ತದೆ. ಮನೆಯ ಮಾತು ತಾಯಿತಂದೆಗಳ ವಿವೇಕಕ್ಕೆ ಉಳಿದಿದೆ.

ಹೊಡೆಯದಿದ್ದರೆ ಮಕ್ಕಳು ಕೆಡುತ್ತಾರೆಂಬ ಅಂಜಿಕೆ ಸಹಜವಾದುದೇ. ದಂಡಂ ದಶಗುಣಂ ಎಂಬ ಮಾತು ನಮ್ಮ ನಾಲಗೆಯ ತುದಿಯಲ್ಲಿಯೇ ಇದೆ. ಆದರೆ ಹೊಡೆಯದಿರುವುದೆಂದರೆ ಮಕ್ಕಳನ್ನು ಅವರ ಪಾಡಿಗೆ ಬಿಡುವುದಲ್ಲ. ಹಾಲು ಚೆಲ್ಲಿದ ಮಗು ತಾನೇ ಅರಿವೆ ತಂದು ಒರೆಸಲಿ; ತಂಗಿಯ ಆಟಿಕೆ ಮುರಿದವನು ಅದನ್ನು ಜೋಡಿಸಲು ಕೂಡಲಿ; ಒಮ್ಮೆ ಬೇಡವೆಂದದ್ದು ಅತ್ತು ರಂಪ ಮಾಡಿದರೂ ಬೇಡವೇ ಆಗಿರಲಿ. ಸಿಟ್ಟು ಬಂದಾಗ ಹಿರಿಯರೇ ಒಂದು ಗಳಿಗೆ ಆಚೆಯ ಕೋಣೆಗೆ ಹೋಗಿ ಬರಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಗಾದೆ ಕೇಳುತ್ತದೆ. ಗಿಡವನ್ನು ಬಗ್ಗಿಸಿದವರಿಗೆ ಗೊತ್ತು, ಆ ಕೆಲಸಕ್ಕೆ ಕೈ ಬೇಕು, ತಾಳ್ಮೆ ಬೇಕು. ಏಟು ಬಿದ್ದರೆ ಗಿಡ ಬಗ್ಗುವುದಿಲ್ಲ, ಮುರಿಯುತ್ತದೆ.