ಒಂದೇ ಕೀಲಿನ ಗಾಲಿ



ಎತ್ತಿನ ಗಾಡಿ ಕಂಡವರಿಗೆ ಕಡಾಣಿ ಗೊತ್ತು. ಅಚ್ಚಿನ ತುದಿಯ ಆ ಒಂದು ಕಬ್ಬಿಣದ ಮೊಳೆಯೇ ಗಾಲಿ ಕಳಚಿಕೊಳ್ಳದಂತೆ ಕಾಯುತ್ತದೆ. ಅದನ್ನು ಕಿತ್ತರೆ ಗಾಲಿ ಹೊರಗೆ ಬರುತ್ತದೆ. ಇದೇ ಉಪಾಯ ಪಂದ್ಯದ ಕಾರಿಗೂ ಬಂದದ್ದು ಒಂದು ಸ್ವಾರಸ್ಯವಾದ ಚರಿತ್ರೆ. ನಮಗೆ ಅದು ದೂರದ ಚರಿತ್ರೆಯೂ ಅಲ್ಲ. ಪೋತ್ತನೂರಿನಿಂದ ಚೆಟ್ಟಿಪಾಳಯದ ದಾರಿ ಹಿಡಿದರೆ ಕಾರುಪಂದ್ಯದ ಓಟದ ಹಾದಿಯೇ ಸಿಗುತ್ತದೆ.

ಮೋಟಾರು ಹೊಸದಾಗಿ ಬಂದ ಕಾಲದಲ್ಲಿ ದಾರಿಯಲ್ಲಿ ಗಾಲಿ ಬಿಚ್ಚುವ ರೂಢಿಯೇ ಇರಲಿಲ್ಲ. ಪಂಚರ್ ಆದರೆ ಗಾಲಿ ಇದ್ದಲ್ಲೇ ಇರುತ್ತಿತ್ತು. ಟೈರು ಎಬ್ಬಿಸಿ, ಟ್ಯೂಬಿಗೆ ತೇಪೆ ಹಾಕಿ, ಮತ್ತೆ ಗಾಳಿ ಹೊಡೆಯಬೇಕಿತ್ತು. 1904ರಲ್ಲಿ ವೇಲ್ಸ್ ನಾಡಿನ ಲನೆಲ್ಲಿ ಊರಿನ ಥಾಮಸ್ ಮಾರಿಸ್ ಡೇವಿಸ್ ಎಂಬವರು ಗಾಳಿ ತುಂಬಿದ ಟೈರಿನ ಒಂದು ಬಳೆಯನ್ನು ಮಾಡಿ, ಪಂಚರಾದ ಗಾಲಿಯ ಪಕ್ಕಕ್ಕೆ ಅದನ್ನು ಬಿಗಿಯುವ ಉಪಾಯ ಕಂಡುಹಿಡಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ನಮ್ಮ ಡ್ರೈವರುಗಳು ಇಂದಿಗೂ ಹೆಚ್ಚುವರಿ ಗಾಲಿಗೆ ಸ್ಟೆಪ್ನಿ ಎನ್ನುವುದು ಆ ಬೀದಿಯ ಹೆಸರಿನಿಂದಲೇ.

ಪಂದ್ಯದವರಿಗೆ ಅಷ್ಟು ಸಾಲಲಿಲ್ಲ. 1906ರಲ್ಲಿ ಫ್ರಾನ್ಸಿನ ಲ ಮಾನ್ ಊರಿನಲ್ಲಿ ಮೊದಲ ಗ್ರಾನ್ ಪ್ರಿ ಪಂದ್ಯ ನಡೆಯಿತು. ಟೈರು ಬದಲಿಸುವುದೂ ಕಾರಿನಲ್ಲಿ ಕುಳಿತ ಇಬ್ಬರದೇ ಕೆಲಸ ಎಂಬುದು ನಿಯಮ. ಗೆದ್ದ ರೆನೊ ಕಾರಿಗೆ ಮಿಶೆಲಿನ್ ಕಂಪನಿಯ ಕಳಚುವ ಸುತ್ತುಬಳೆಗಳಿದ್ದವು. ಬೇರೆಯವರಿಗೆ ಕಾಲು ಗಂಟೆ ಹಿಡಿಯುವ ಕೆಲಸ ಅವರಿಗೆ ನಾಲ್ಕು ನಿಮಿಷದಲ್ಲಿ ಮುಗಿಯುತ್ತಿತ್ತು. ಗಾಲಿ ಬೇಗ ಬಿಚ್ಚಿದವನಿಗೇ ಜಯ ಎಂದು ಅಂದಿನಿಂದ ಎಲ್ಲರಿಗೂ ತಿಳಿಯಿತು.

1908ರ ಸುಮಾರಿಗೆ ಇಂಗ್ಲೆಂಡಿನ ರಡ್ಜ್ ವಿಟ್‌ವರ್ತ್ ಎಂಬ ಸೈಕಲ್ ಕಂಪನಿಯ ಜಾನ್ ಪ್ಯೂ ಇನ್ನೂ ಮುಂದೆ ಹೋದರು. ಅವರ ಕಡ್ಡಿಗಾಲಿಯ ನಡುಗುಂಭವನ್ನು ಹಲ್ಲುಗಳಿದ್ದ ಅಚ್ಚಿನ ಮೇಲೆ ಜಾರಿಸಿ, ನಡುವೆ ಒಂದೇ ಒಂದು ದೊಡ್ಡ ನಟ್ ಹಾಕಿದರೆ ಆಯಿತು. ಆ ನಟ್ಟಿಗೆ ಎರಡು ಮೂರು ಕಿವಿಗಳು. ಕಿವಿಗೆ ಸುತ್ತಿಗೆಯ ಏಟು ಕೊಟ್ಟರೆ ಸಡಿಲವಾಗುತ್ತದೆ, ಎದುರು ದಿಕ್ಕಿಗೆ ಕೊಟ್ಟರೆ ಬಿಗಿಯಾಗುತ್ತದೆ. ಸುತ್ತಿಗೆ ತಾಮ್ರದ್ದೋ ಸೀಸದ್ದೋ ಇರಬೇಕು. ಕಬ್ಬಿಣದ್ದಾದರೆ ಕಿವಿ ಜಜ್ಜಿಹೋಗುತ್ತದೆ.

ಇದರ ಗುಟ್ಟು ಮರೆಯಲ್ಲಿದೆ, ನಟ್ಟಿನ ತಿರುಪಿನಲ್ಲಿದೆ. ಕಾರಿನ ಎಡಬದಿಯ ನಟ್ಟು ಸಾಮಾನ್ಯ ನಟ್ಟಿನಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಬಲಬದಿಯದು ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಅಂದರೆ ಕಾರು ಮುಂದೆ ಓಡುವಾಗ ಗಾಲಿ ಯಾವ ಕಡೆ ಸುತ್ತುತ್ತದೋ ಆ ಕಡೆಯೇ ನಟ್ಟು ಬಿಚ್ಚುವ ದಿಕ್ಕು. ಹಾಗಾದರೆ ಓಡುತ್ತ ಓಡುತ್ತ ಕಳಚಿಬೀಳಬೇಕಲ್ಲ ಎಂದು ನೀವು ಕೇಳಬಹುದು. ಆಗುವುದು ತದ್ವಿರುದ್ಧ. ಭಾರದಿಂದ ಗಾಲಿ ಕೂದಲೆಳೆಯಷ್ಟು ಅಲುಗುತ್ತ, ಇಳಿಜಾರು ಅಂಚಿನ ನಟ್ಟನ್ನು ಎದುರು ದಿಕ್ಕಿಗೆ ಉರುಳಿಸುತ್ತದೆ. ಹೀಗೆ ಓಡಿದಷ್ಟೂ ನಟ್ಟು ಬಿಗಿಯಾಗುತ್ತದೆ. ಆದರೆ ಎಡದ ಅಚ್ಚನ್ನು ಬಲಕ್ಕೆ ಜೋಡಿಸಿದರೆ ಅದೇ ಗುಣ ಗಾಲಿಯನ್ನು ಬಿಚ್ಚಿಬಿಡುತ್ತದೆ. ಪ್ರಾಣಕ್ಕೇ ಸಂಚಕಾರ.

ಎಂಜಿ, ಜಾಗ್ವಾರ್ ಮುಂತಾದ ಕಾರುಗಳಲ್ಲಿ ಈ ಕಿವಿನಟ್ಟು ಮೆರೆಯಿತು. ದಾರಿಯಲ್ಲಿ ಪಂಚರಾದರೂ ಮಾಲಿಕನೇ ಕೆಲವು ನಿಮಿಷದಲ್ಲಿ ಸ್ಟೆಪ್ನಿ ಹಾಕಿಕೊಳ್ಳುತ್ತಿದ್ದ. ಹೊರಚಾಚಿದ ಕಿವಿ ನಡೆದು ಹೋಗುವವರಿಗೆ ತಗುಲಿ ಗಾಯವಾಗುತ್ತದೆಂದು ಅಮೆರಿಕ 1968ರಿಂದ ಅದನ್ನು ನಿಷೇಧಿಸಿತು. ಕಿವಿ ಹೋಗಿ ಎಂಟು ಮೂಲೆಯ ನಟ್ಟು ಬಂತು.

ಇತ್ತ ನಮ್ಮ ಕೊಯಮತ್ತೂರಿನಲ್ಲಿ ಎಸ್. ಕರಿವರ್ಧನ್ ಅವರು ಮಾರುತಿ 800ರ ಎಂಜಿನ್ ಇಟ್ಟು ಕಡಿಮೆ ಖರ್ಚಿನ ಪಂದ್ಯದ ಕಾರುಗಳನ್ನು ಕಟ್ಟಿದರು. 1995ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳಯದ ಓಟದ ಹಾದಿಗೆ ಕರಿ ಮೋಟಾರ್ ಸ್ಪೀಡ್‌ವೇ ಎಂದು ಅವರ ಹೆಸರನ್ನೇ ಇಟ್ಟಿದ್ದಾರೆ. ಅವರ ಮಾರುತಿ ಕಾರುಗಳಲ್ಲಿ ಪಳಗಿದ ನಮ್ಮೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಪಂದ್ಯಕ್ಕಿಳಿದ ಮೊದಲ ಭಾರತೀಯರಾದರು. ಆ ವರ್ಷ ಪಂದ್ಯದ ನಡುವೆ ಟೈರು ಬದಲಿಸಬಾರದೆಂಬ ನಿಯಮವಿತ್ತು. ಪಂಚರ್ ಆದರೆ, ಟೈರು ಕೆಟ್ಟರೆ ಮಾತ್ರ ವಿನಾಯಿತಿ. ಜೂನ್ 19ರಂದು ಅಮೆರಿಕದಲ್ಲಿ ಮಿಶೆಲಿನ್ ಟೈರುಗಳು ತಾಳವೆಂದು 14 ಕಾರುಗಳು ಹಿಂದೆ ಸರಿದವು. ಉಳಿದ ಆರರಲ್ಲಿ ನಾರಾಯಣ್ ನಾಲ್ಕನೆಯವರಾಗಿ ಬಂದರು. ಒಂದೇ ನಟ್ಟಿನ ಗಾಲಿ ಇದ್ದರೂ ಟೈರೇ ಕೈಕೊಟ್ಟರೆ ಏನು ಪ್ರಯೋಜನ?

2023ರಲ್ಲಿ ಕತಾರ್ ಪಂದ್ಯದಲ್ಲಿ ಮ್ಯಾಕ್ಲಾರೆನ್ ತಂಡ ನಾಲ್ಕೂ ಗಾಲಿಗಳನ್ನು 1.8 ಸೆಕೆಂಡಿನಲ್ಲಿ ಬದಲಿಸಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಂದರೂ ಸಲ್ಲುತ್ತದೆ. ಆದರೆ ಅದರ ಹಿಂದೆ ಗಾಳಿಯ ಯಂತ್ರ ಹಿಡಿದ ದೊಡ್ಡ ಆಳುಪಡೆಯಿದೆ.

ಇದೇ ಗಾಲಿ ಊರ ರಸ್ತೆಗೆ ಬಂದರೆ ಕಥೆಯೇ ಬೇರೆ. ಪೋರ್ಷೆ 911 ಜಿಟಿ3 ಕಾರಿನ ನಡುನಟ್ಟನ್ನು 600 ನ್ಯೂಟನ್ ಮೀಟರ್ ಬಲದಿಂದ ಬಿಗಿಯಬೇಕು. ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ ಅರುವತ್ತು ಕಿಲೋ ತೂಕದ ಮನುಷ್ಯ ಜೋತುಬಿದ್ದಷ್ಟು ಬಲ ಅದು. ಸಾಮಾನ್ಯ ಕಾರಿನ ನಟ್ಟಿಗೆ 100 ಸಾಕು. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ ಬೇಕಾದಂತೆ ಇಲ್ಲಿ ಇಬ್ಬರು ಬೇಕು: ಒಬ್ಬ ಬ್ರೇಕು ತುಳಿದು ಕೂರಬೇಕು, ಇನ್ನೊಬ್ಬ ನಟ್ಟು ಬಿಚ್ಚಬೇಕು. ಸ್ಟೆಪ್ನಿಯಂತೂ ಇಲ್ಲವೇ ಇಲ್ಲ. ಪಂಚರಾದರೆ ಕಾರನ್ನೇ ಲಾರಿಗೆ ಹೇರಿ ಸಾಗಿಸುವುದು ಲೇಸು.

ಬೇಗ ಬಿಚ್ಚಲೆಂದೇ ಹುಟ್ಟಿದ ಗಾಲಿ ಹೀಗೆ ದಾರಿಯಲ್ಲಿ ಬಿಚ್ಚಲಾಗದ ಗಾಲಿಯಾಯಿತು. ಪಂದ್ಯದ ವೇಗ ಪಂದ್ಯದ ಸಿಬ್ಬಂದಿ ಇದ್ದಲ್ಲಿ ಮಾತ್ರ. ಪಂಚರ್ ಅಂಗಡಿ ಇಟ್ಟಿರುವ ನಮ್ಮ ಹುಡುಗರಿಗೆ ಒಂದು ಮಾತು. ಇಂಥ ಕಾರು ನಿಮ್ಮ ಮುಂದೆ ಬಂದು ನಿಂತರೆ ಎಡವೋ ಬಲವೋ ನೋಡದೆ ಸುತ್ತಿಗೆ ಎತ್ತಬೇಡಿ. ಕಾರಿನ ಪುಸ್ತಕ ಕೇಳಿ ಓದಿ. ನಮ್ಮ ಗಾಡಿಯವರು ಹೊರಡುವ ಮುನ್ನ ಕಡಾಣಿ ಮುಟ್ಟಿ ನೋಡುತ್ತಿದ್ದುದು ಸುಮ್ಮನೆ ಅಲ್ಲ.