ಪಾಪ್‌ಕಾರ್ನ್ ಶ್ವಾಸಕೋಶ ರೋಗ

ಪಾಪ್‌ಕಾರ್ನ್ ಶ್ವಾಸಕೋಶ ರೋಗವು ಆಹಾರ ತಯಾರಿಕಾ ಘಟಕಗಳ ಒಳಗಿನ ಗಾಳಿಯಲ್ಲಿ ಬೆರೆತಿರುವ ಸುವಾಸನಾ ರಾಸಾಯನಿಕಗಳ ಆವಿಯನ್ನು ಉಸಿರಾಡುವುದರಿಂದ ಕಾರ್ಮಿಕರಿಗೆ ಬರುವ ಕಾಯಿಲೆ. ವೈದ್ಯಶಾಸ್ತ್ರದಲ್ಲಿ ಇದರ ಹೆಸರು ಬ್ರಾಂಕಿಯೋಲೈಟಿಸ್ ಆಬ್ಲಿಟರನ್ಸ್. ಶ್ವಾಸಕೋಶದ ಅತಿ ಸಣ್ಣ ಗಾಳಿನಾಳಗಳ ಒಳಪದರಕ್ಕೆ ಗಾಯವಾಗಿ, ಆ ಗಾಯ ಮಾಯುವಾಗ ಬೆಳೆಯುವ ನಾರಿನಂತಹ ಅಂಗಾಂಶವು ನಾಳವನ್ನು ಕಿರಿದಾಗಿಸುತ್ತದೆ. ಕೆಲವೆಡೆ ಪೂರ್ತಿಯಾಗಿ ಮುಚ್ಚಿಬಿಡುತ್ತದೆ. ಹೀಗೆ ಮುಚ್ಚಿದ ನಾಳ ಮತ್ತೆ ತೆರೆದುಕೊಳ್ಳುವುದಿಲ್ಲ.

ಪತ್ತೆಯಾದ ಬಗೆ

2000ದ ಮೇ ತಿಂಗಳಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಆರೋಗ್ಯ ಇಲಾಖೆಗೆ ವೈದ್ಯರೊಬ್ಬರಿಂದ ವರದಿಯೊಂದು ಬಂದಿತು. ಜಾಸ್ಪರ್ ಎಂಬ ಊರಿನ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಹಿಂದೆ ದುಡಿದಿದ್ದ ಎಂಟು ಮಂದಿಗೆ ಈ ವಿರಳ ಕಾಯಿಲೆ ತಗುಲಿತ್ತು. ಅವರಲ್ಲಿ ನಾಲ್ವರು ಶ್ವಾಸಕೋಶದ ಕಸಿಗಾಗಿ ಕಾಯುವವರ ಪಟ್ಟಿಯಲ್ಲಿದ್ದರು. ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು (ನಿಯೋಷ್) ತನಿಖೆ ನಡೆಸಿ, ಆಗ ಕೆಲಸದಲ್ಲಿದ್ದ 117 ಮಂದಿಯನ್ನು ಪರೀಕ್ಷಿಸಿತು. ಗಾಳಿನಾಳದ ಅಡಚಣೆಯು ಅವರಲ್ಲಿ ನಿರೀಕ್ಷಿತ ಪ್ರಮಾಣಕ್ಕಿಂತ 3.3 ಪಟ್ಟು ಹೆಚ್ಚಾಗಿತ್ತು. ಬೀಡಿ ಸಿಗರೇಟಿನ ಮೇಲೆ ದೋಷ ಹೊರಿಸುವಂತೆಯೂ ಇರಲಿಲ್ಲ. ಎಂದೂ ಧೂಮಪಾನ ಮಾಡದವರಲ್ಲಿ ಅದು 10.8 ಪಟ್ಟು ಇತ್ತು.

ಕಾರ್ಖಾನೆಯಲ್ಲಿ ಸೋಯಾ ಎಣ್ಣೆ, ಉಪ್ಪು, ಬಣ್ಣ ಮತ್ತು ಬೆಣ್ಣೆಯ ಸುವಾಸನಾ ದ್ರವ್ಯವನ್ನು ಬಿಸಿ ತೊಟ್ಟಿಗಳಲ್ಲಿ ಬೆರೆಸಲಾಗುತ್ತಿತ್ತು. ದ್ರವ್ಯವನ್ನು ತೆರೆದ ಬಕೆಟ್‌ಗಳಿಂದ ಸುರಿಯುತ್ತಿದ್ದ ಮಿಶ್ರಣಗಾರರೇ ಹೆಚ್ಚು ಆವಿಗೆ ಒಡ್ಡಿಕೊಂಡವರು. ಗುಣಮಟ್ಟ ಪರೀಕ್ಷೆಗಾಗಿ ದಿನವಿಡೀ ಪೊಟ್ಟಣಗಳನ್ನು ಅರಳಿಸಿ ನೋಡುತ್ತಿದ್ದವರೂ ಪಾರಾಗಲಿಲ್ಲ.

ಡೈಅಸಿಟೈಲ್

ಬೆಣ್ಣೆಗೆ ಅದರ ಪರಿಮಳವನ್ನು ಕೊಡುವ ಮುಖ್ಯ ವಸ್ತು ಡೈಅಸಿಟೈಲ್. ಅದು ಸುಲಭವಾಗಿ ಆವಿಯಾಗುತ್ತದೆ. ಆಹಾರದಲ್ಲಿ ಬಳಸಲು ಸುರಕ್ಷಿತವೆಂದು ಅಮೆರಿಕದಲ್ಲಿ ಅದಕ್ಕೆ ಮಾನ್ಯತೆ ಇತ್ತು. ಆದರೆ ಆ ಮಾನ್ಯತೆ ನುಂಗುವವರನ್ನು ಕುರಿತದ್ದೇ ಹೊರತು ಉಸಿರಾಡುವವರನ್ನು ಕುರಿತದ್ದಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಹೋದದ್ದೇ ಅನರ್ಥಕ್ಕೆ ದಾರಿಯಾಯಿತು. ಮುಂದೆ ಹಲವು ತಯಾರಕರು ಇದರ ಬದಲು ಬಳಸತೊಡಗಿದ 2,3-ಪೆಂಟೇನ್‌ಡಯೋನ್ ಕೂಡ ಇಲಿಗಳ ಶ್ವಾಸನಾಳಕ್ಕೆ ಹಾನಿ ಮಾಡುವುದೆಂದು ಪ್ರಯೋಗಗಳು ತೋರಿಸಿದವು.

ಲಕ್ಷಣಗಳು

ಒಣಕೆಮ್ಮು, ಏದುಸಿರು ಮತ್ತು ಉಬ್ಬಸ ಮೆಲ್ಲಗೆ ಆರಂಭವಾಗುತ್ತವೆ. ರಜೆಯ ದಿನಗಳಲ್ಲಿಯೂ ಅವು ಸಾಮಾನ್ಯವಾಗಿ ತಗ್ಗುವುದಿಲ್ಲ. ಎದೆಯ ಎಕ್ಸ್‌ರೇ ಸಹಜವಾಗಿ ಕಾಣಬಹುದಾದ್ದರಿಂದ ಅಸ್ತಮಾ ಎಂದು ತಪ್ಪಾಗಿ ತಿಳಿಯುವುದುಂಟು. ಆದರೆ ಅಸ್ತಮಾಗೆ ಕೊಡುವ ನಾಳ ಹಿಗ್ಗಿಸುವ ಔಷಧಿಯಿಂದ ಇಲ್ಲಿ ಹೆಚ್ಚಿನ ಪ್ರಯೋಜನವಾಗದು.

ನಿಯಂತ್ರಣ

ಮುಚ್ಚಿದ ತೊಟ್ಟಿಗಳು, ಆವಿ ಹುಟ್ಟುವ ಜಾಗದಲ್ಲಿಯೇ ಅದನ್ನು ಹೊರಗೆಳೆಯುವ ವ್ಯವಸ್ಥೆ, ಆವಿ ಸೋಸುವ ಮುಖಗವಸು ಮತ್ತು ಕಾಲಕಾಲಕ್ಕೆ ಸ್ಪೈರೋಮೆಟ್ರಿ ಪರೀಕ್ಷೆ ಮುಖ್ಯ ಉಪಾಯಗಳು. ಕ್ಯಾಲಿಫೋರ್ನಿಯಾ ರಾಜ್ಯವು 2010ರಲ್ಲಿ ಇದಕ್ಕಾಗಿ ಪ್ರತ್ಯೇಕ ನಿಯಮ ಮಾಡಿತು. 2016ರಲ್ಲಿ ನಿಯೋಷ್, ಎಂಟು ಗಂಟೆಗಳ ಸರಾಸರಿಯಲ್ಲಿ ನೂರು ಕೋಟಿ ಭಾಗ ಗಾಳಿಗೆ 5 ಭಾಗ ಡೈಅಸಿಟೈಲ್ ಮೀರಬಾರದೆಂದು ಸೂಚಿಸಿತು. ಇದು ಶಿಫಾರಸು ಮಾತ್ರ, ಕಾನೂನಲ್ಲ.

ಕಾಫಿ ಘಟಕಗಳು

ಟೆಕ್ಸಾಸ್‌ನ ಕಾಫಿ ಸಂಸ್ಕರಣಾ ಘಟಕವೊಂದರ ಇಬ್ಬರು ಕಾರ್ಮಿಕರಲ್ಲಿ ಇದೇ ಕಾಯಿಲೆ ಕಂಡುಬಂದದ್ದು 2013ರಲ್ಲಿ ವರದಿಯಾಯಿತು. ಅಲ್ಲಿ ಸುವಾಸನಾ ದ್ರವ್ಯಗಳ ಬಳಕೆ ಇತ್ತು. ಆದರೆ ಯಾವ ದ್ರವ್ಯವನ್ನೂ ಸೇರಿಸದಿದ್ದರೂ, ಹುರಿದ ಕಾಫಿ ಬೀಜದಿಂದ, ವಿಶೇಷವಾಗಿ ಅದನ್ನು ಪುಡಿ ಮಾಡುವಾಗ, ಡೈಅಸಿಟೈಲ್ ಮತ್ತು 2,3-ಪೆಂಟೇನ್‌ಡಯೋನ್ ಎರಡೂ ತಾವಾಗಿಯೇ ಗಾಳಿಗೆ ಸೇರುತ್ತವೆ.